ಹಿಂದೂಪುರ–ಕಲ್ಯಾಣದುರ್ಗ ಸೀಮೆಯಲ್ಲಿ ಮೊದಲ ಓದು: ಕೂಲಿಮಠಗಳ ಒಂದು ಚಾರಿತ್ರಿಕ ವಿವೇಚನೆ

ಉಪಭಾಷೆಗಳ ಅಧ್ಯಯನ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಳ್ಳಿಯ ಒಬ್ಬ ಮುದುಕ, ಅವನ ಮುಂದೆ ಕೂತು ಮಾತುಗಳನ್ನು ಬರೆದುಕೊಳ್ಳುವ ಒಬ್ಬ ಸಂಶೋಧಕ. ಇದು ಸರಿಯೇ. ಆದರೆ ಆ ಮುದುಕ ಐದು ವರ್ಷದ ಹುಡುಗನಾಗಿದ್ದಾಗ, ಮನೆಯ ಮಾತನ್ನು ಬಾಯಲ್ಲಿಟ್ಟುಕೊಂಡು ಮೊದಲ ಸಲ ಅಕ್ಷರದ ಮುಂದೆ ಕೂತನಲ್ಲ, ಆಗ ಏನಾಯಿತು ಎಂದು ನಾವು ಕೇಳುವುದು ಕಡಿಮೆ. ಆಡುಮಾತಿಗೂ ಬರಹದ ಮಾತಿಗೂ ಮೊದಲ ಮುಖಾಮುಖಿ ಆಗುವುದು ಅಲ್ಲೇ. ಮಗುವಿನ ಮಾತು ಮೊದಲ ಸಲ ‘ತಪ್ಪು’ ಅನ್ನಿಸಿಕೊಳ್ಳುವುದೂ ಅಲ್ಲೇ. ಆದಕಾರಣ ಹಿಂದೂಪುರ, ಕಲ್ಯಾಣದುರ್ಗ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೆ ಹತ್ತು ಹನ್ನೆರಡು ಮಂದಿಯ ಗುಂಪಿನಲ್ಲಿ ಓದು ಕಲಿಸುತ್ತಿದ್ದ ಕೂಲಿಮಠಗಳ ಚರಿತ್ರೆಯನ್ನು ಈ ಪ್ರಬಂಧದಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ. ವಿದ್ವಾಂಸರು ಲೋಪದೋಷಗಳನ್ನು ಮನ್ನಿಸಿ ತಿದ್ದಬೇಕಾಗಿ ಪ್ರಾರ್ಥನೆ.

೧. ಸೀಮೆ

ಈ ಎರಡು ಊರುಗಳೂ ಇರುವುದು ಕನ್ನಡ, ತೆಲುಗು ಎರಡೂ ಒಂದೇ ಬಾವಿಯ ನೀರು ಕುಡಿಯುವ ಜಾಗದಲ್ಲಿ. ಹಿಂದೂಪುರದಿಂದ ಪಡುವಣಕ್ಕೆ ಮಡಕಶಿರಾ, ಅಲ್ಲಿಂದ ಮುಂದೆ ರೊಳ್ಳ, ಅಗಳಿ, ಅಮರಾಪುರ. ಇವು ಕನ್ನಡದ ಮನೆಮಾತಿನ ಹಳ್ಳಿಗಳು. ಅಮರಾಪುರದ ಬಳಿಯ ಹೇಮಾವತಿಯೇ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅವರ ಕನ್ನಡ ಶಾಸನಗಳು ಆ ಸುತ್ತಿನಲ್ಲಿ ಹೇರಳವಾಗಿವೆ. ಹಿಂದೂಪುರಕ್ಕೆ ಹತ್ತಿರದ ಲೇಪಾಕ್ಷಿಯ ದೇವಾಲಯದಲ್ಲೂ ಕನ್ನಡ ಶಾಸನಗಳುಂಟು. ಇತ್ತ ಕಲ್ಯಾಣದುರ್ಗದಿಂದ ಕುಂದುರ್ಪಿಯ ಕಡೆಗೆ ನಡೆದರೆ ಕರ್ನಾಟಕದ ಗಡಿ ಬಂದೇ ಬಿಡುತ್ತೆ. ನಡುವೆ ಪಾವಗಡ ತಾಲ್ಲೂಕು ನಾಲಗೆಯಂತೆ ಚಾಚಿಕೊಂಡಿದೆ.

ಆಡಳಿತದ ಗೆರೆಗಳು ಇಲ್ಲಿ ಮತ್ತೆಮತ್ತೆ ಬದಲಾಗಿವೆ. ೧೮೦೦ರಲ್ಲಿ ನಿಜಾಮನು ಈ ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತಮಂಡಲ’ ಎಂಬ ಹೆಸರು ಬಂದದ್ದು ಹಾಗೆ. ೧೮೦೮ರಲ್ಲಿ ದತ್ತಮಂಡಲವನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಯಾಗಿ ಒಡೆದರು. ನಮ್ಮ ಎರಡು ಊರುಗಳೂ ಬಳ್ಳಾರಿಗೆ ಸೇರಿದವು. ೧೮೮೨ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಅದರೊಳಗೆ ಹೋಯಿತು. ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು. ೨೦೨೨ರ ಏಪ್ರಿಲ್‌ನಲ್ಲಿ ಹಿಂದೂಪುರವು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆ ಎಷ್ಟು ಸಲ ಎಳೆದರೂ ಸಂತೆಯ ಮಾತು ಮಾತ್ರ ಎರಡಾಗಿಯೇ ಉಳಿದಿದೆ. ಹಿಂದೂಪುರದ ಮಂಡಿಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ತೆಲುಗಿನಲ್ಲಿ ಚೌಕಾಸಿ ಮಾಡುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

೨. ೧೮೨೩ರ ಲೆಕ್ಕ

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಹಿಂದೆ ಇದೇ ದತ್ತಮಂಡಲದ ಮೊದಲ ಕಲೆಕ್ಟರಾಗಿದ್ದವನು. ೧೮೨೨ರ ಜೂನ್ ೨೫ರ ತನ್ನ ಟಿಪ್ಪಣಿಯಲ್ಲಿ ಅವನು ಪ್ರತಿ ಜಿಲ್ಲೆಯಲ್ಲೂ ಎಷ್ಟು ದೇಶೀಯ ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಲೆಕ್ಕ ಕಳುಹಿಸಲು ಹೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಈ ಕ್ಯಾಂಬೆಲ್ಲನು ಭಾಷಾಭ್ಯಾಸಿಗಳಿಗೆ ಅಪರಿಚಿತನಲ್ಲ. ೧೮೧೬ರಲ್ಲಿ ಮದರಾಸಿನಲ್ಲಿ ಅಚ್ಚಾದ ಅವನ ತೆಲುಗು ವ್ಯಾಕರಣಕ್ಕೆ ಎಲ್ಲಿಸ್ ಬರೆದ ಪೀಠಿಕೆಯಲ್ಲೇ ತಮಿಳು, ತೆಲುಗು, ಕನ್ನಡಗಳು ಒಂದೇ ಬಳಗದವೆಂಬ ಮಾತಿಗೆ ಮೊದಲು ಆಧಾರ ದೊರೆತದ್ದು. ಹೀಗಾಗಿ ಅವನ ಪತ್ರ ಬರಿಯ ತಲೆಯೆಣಿಕೆಯಲ್ಲ. ಭಾಷೆಯ ವಿಚಾರದಲ್ಲಿ ಕಿವಿ ಇದ್ದವನ ಬರಹ. ಧರ್ಮಪಾಲರು ೧೯೮೩ರಲ್ಲಿ ಈ ಕಾಗದಪತ್ರಗಳನ್ನು ಒಟ್ಟಿಗೆ ಅಚ್ಚು ಮಾಡಿಸಿದ ಮೇಲೆ ಎಲ್ಲರಿಗೂ ದೊರೆಯುವಂತಾಗಿದೆ.

ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ಶಾಲೆಗಳು ೫೩೩. ಮಕ್ಕಳು ೬,೬೪೧. ಕನ್ನಡ ಶಾಲೆ ೨೩೫, ತೆಲುಗು ೨೨೬, ಮರಾಠಿ ೨೩, ಪಾರಸಿ ೨೧, ತಮಿಳು ೪, ಇಂಗ್ಲಿಷ್ ೧. ಇವಲ್ಲದೆ ಬ್ರಾಹ್ಮಣರು ಮಾತ್ರ ಸಂಸ್ಕೃತ ಶಾಸ್ತ್ರಗಳನ್ನು ಓದುತ್ತಿದ್ದ ಸ್ಥಳಗಳು ೨೩. ಇಂದಿನ ಬಳ್ಳಾರಿ, ಅನಂತಪುರ ಎರಡೂ ಕಡೆಯ ಹಳ್ಳಿಗಳು ಈ ಲೆಕ್ಕದೊಳಗಿವೆ. ಕನ್ನಡಕ್ಕೂ ತೆಲುಗಿಗೂ ಒಂಬತ್ತೇ ಶಾಲೆಯ ವ್ಯತ್ಯಾಸ ಎಂಬುದು ಗಮನಾರ್ಹ. ಒಂದು ಭಾಷೆ ದೊರೆ, ಇನ್ನೊಂದು ಒಕ್ಕಲು ಎಂಬ ಸ್ಥಿತಿ ಆಗ ಇರಲಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಕಿ. ೬,೬೪೧ನ್ನು ೫೩೩ರಿಂದ ಭಾಗಿಸಿ ನೋಡಿ. ಶಾಲೆಗೆ ಹನ್ನೆರಡು ಮಕ್ಕಳು, ಸ್ವಲ್ಪ ಹೆಚ್ಚು. ಅಂದರೆ ಒಂದು ಜಗಲಿಯ ಮೇಲೆ ಒಬ್ಬ ಐಗಳು, ಹನ್ನೆರಡು ಹುಡುಗರು. ಇಷ್ಟೇ ಒಂದು ಮಠ. ಕೂಲಿಮಠ ಅನ್ನುವ ಹೆಸರೂ ಹಾಗೇ ಬಂದದ್ದು: ಕಲಿಸುವವನಿಗೆ ಹುಡುಗರ ಮನೆಯವರೇ ಕೂಲಿ ಕೊಡಬೇಕು. ತೆಲುಗಿನಲ್ಲಿ ಇದನ್ನೇ ವೀಧಿಬಡಿ ಅಂತಾರೆ, ಬೀದಿಯ ಶಾಲೆ. ಐದುನೂರ ಮೂವತ್ತಮೂರರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಕ್ಯಾಂಬೆಲ್ಲನೇ ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ.

೩. ಮರಳು, ಹಲಗೆ, ಕಡತ

ಮಗುವಿಗೆ ಐದು ವರ್ಷವಾದಾಗ ಅಕ್ಷರಾಭ್ಯಾಸ. ಮಠದ ಹುಡುಗರನ್ನೂ ಐಗಳನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಎಲ್ಲರೂ ಸುತ್ತಲೂ ಕೂತು, ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವುದು. ಇದನ್ನು ಬರಿಯ ಶಾಸ್ತ್ರವೆಂದು ತಿಳಿಯಬಾರದು. ಮಾರನೆಯ ದಿನ ಮಗು ಹೋಗಿ ಸೇರುವ ಗುಂಪು ಹಿಂದಿನ ದಿನವೇ ಅದರ ಮನೆಗೆ ಬಂದು ಹೋಗಿರುತ್ತದೆ. ಮೊದಲ ದಿನದ ಅಳು ಅರ್ಧ ಅಲ್ಲೇ ತೀರುತ್ತೆ.

ಮಠ ಶುರುವಾಗುವುದು ಬೆಳಗ್ಗೆ ಆರು ಗಂಟೆಗೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗುವುದು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಕೆಳಗಿನ ಗುಂಪಿಗೆ ಹೇಳಿಕೊಡುವವನು ಮೇಲಿನ ಗುಂಪಿನ ಹುಡುಗ. ಮೇಲಿನವರನ್ನು ಐಗಳು ತಾವೇ ನೋಡಿಕೊಳ್ಳುವರು. ವರ್ಷ ಕಳೆಯಿತೆಂದು ಯಾರೂ ಮೇಲಿನ ಗುಂಪಿಗೆ ಹೋಗುತ್ತಿರಲಿಲ್ಲ. ಬಂದರೆ ಹೋಗಬೇಕು, ಬಾರದಿದ್ದರೆ ಅಲ್ಲೇ ಕೂರಬೇಕು. ಹನ್ನೆರಡು ಮಕ್ಕಳಲ್ಲಿ ನಾಲ್ಕು ಗುಂಪು ಅಂದರೆ ಒಂದೊಂದರಲ್ಲಿ ಮೂರು ನಾಲ್ಕು ಮಂದಿ. ಯಾವನ ಬೆರಳು ಎಲ್ಲಿ ತಡವರಿಸಿತು ಎಂಬುದು ಪಕ್ಕದವನಿಗೆ ಕಾಣುತ್ತಿತ್ತು.

ಅಕ್ಷರ ಕಲಿಸುತ್ತಿದ್ದ ಕ್ರಮ ಇನ್ನೂ ಸ್ವಾರಸ್ಯದ್ದು. ಮೊದಲು ಬಾಯಿಪಾಠ ಮಾಡಿಸಿ ಆಮೇಲೆ ಬರೆಸುವುದಲ್ಲ. ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ ಕಲಿಯುವುದು. ಬರೆಯುವ ಕೈ, ನೋಡುವ ಕಣ್ಣು, ಹೇಳುವ ಬಾಯಿ ಮೂರೂ ಒಟ್ಟಿಗೆ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನ, ಇದ್ದಿಲುಪುಡಿ ಬಳಿದು ಕಪ್ಪು ಮಾಡುವರು. ಕಡತವೆಂದರೆ ಗಂಜಿ ಹಾಕಿ ಬಿಗಿ ಮಾಡಿದ ಬಟ್ಟೆಯನ್ನು ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಸವರಿದ್ದು. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಇಂದು ಕಚೇರಿಯ ಫೈಲಿಗೆ ನಾವು ಕಡತ ಅನ್ನುತ್ತೇವೆ. ಆ ಮಾತು ಒಂದು ಕಾಲಕ್ಕೆ ಈ ಸೀಮೆಯ ಹುಡುಗರ ಕಂಕುಳಲ್ಲಿತ್ತು ಎಂಬುದು ಮರೆತೇ ಹೋಗಿದೆ.

ಈ ಕ್ರಮದ ಮಿತವ್ಯಯವನ್ನೂ, ಮುಂದಿದ್ದವನು ಹಿಂದಿದ್ದವನಿಗೆ ಕಲಿಸುತ್ತಾ ತನ್ನದನ್ನು ಗಟ್ಟಿ ಮಾಡಿಕೊಳ್ಳುವ ಪದ್ಧತಿಯನ್ನೂ ಕ್ಯಾಂಬೆಲ್ ಮನಸಾರೆ ಹೊಗಳಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದಿದ್ದಾನೆ. ಇದರ ಹಿಂದೆ ಒಂದು ಕಥೆಯುಂಟು. ಮದರಾಸಿನ ಎಳುಂಬೂರಿನ ಅನಾಥಾಲಯದಲ್ಲಿ ಅಧಿಕಾರಿಯಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ನಮ್ಮ ಕಡೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಮಾಡಿಸಿದ. ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಪಾಠ ಹೇಳಿಸಿದ. ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು. ‘ಮದರಾಸು ಪದ್ಧತಿ’ ಎಂದು ಹೆಸರಾಗಿ ಅಲ್ಲಿನ ಬಡ ಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಆದರೆ ಅಲ್ಲಿ ಒಬ್ಬ ಮೇಷ್ಟರ ಕೈಕೆಳಗೆ ನೂರಾರು ಮಕ್ಕಳನ್ನು ಸಾಲುಸಾಲಾಗಿ ಕೂರಿಸಿದರು. ಮರಳು ಹೋಯಿತು, ಹೇಳಿಕೊಡುವ ಹುಡುಗನೂ ಹೋದ. ಹನ್ನೆರಡು ಮಾತ್ರ ಹೋಗಲಿಲ್ಲ, ಇಲ್ಲೇ ಉಳಿಯಿತು.

೪. ಕಾಗುಣಿತ ಮತ್ತು ಗುಣಿಂತ

ಅಕ್ಷರದ ಆರಂಭವು ಎರಡು ಭಾಷೆಗೂ ಒಂದೇ. ತೆಲುಗಿನವರು ಓನಮಾಲು ಅನ್ನುತ್ತಾರೆ. ನಮ್ಮ ಕಡೆ ಓನಾಮ. ಎರಡೂ ‘ಓಂ ನಮಃ’ ಎಂಬುದರ ಸವಕಲು ರೂಪ. ಜೊತೆಗೆ ಬರುವ ‘ಸಿದ್ಧಂ’ ಎಂಬ ಮಾತು ಬಹಳ ಹಳೆಯದು. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಇತ್ಸಿಂಗ್, ಆರು ವರ್ಷದ ಮಕ್ಕಳು ಓದುವ ಮೊದಲ ಪಾಠಕ್ಕೆ ಸಿದ್ಧ ಎಂದೇ ಹೆಸರೆಂದು ಬರೆದಿದ್ದಾನೆ. ಕಾತಂತ್ರ ವ್ಯಾಕರಣದ ಮೊದಲ ಸೂತ್ರವೂ ಇದೇ ಪದದಿಂದ ತೊಡಗುತ್ತದೆ. ಶಿವನಿಗೆ ನಮಸ್ಕಾರವೋ, ಜಿನನಿಗೋ, ಗಣಪನಿಗೋ ಎಂಬ ಚರ್ಚೆ ಪಂಡಿತರದು. ಮರಳಿನ ಮುಂದೆ ಕೂತ ಹುಡುಗನಿಗೆ ಅದು ಓನಾಮ, ಅಷ್ಟೆ.

ಆಮೇಲೆ ಕಾಗುಣಿತ. ಕನ್ನಡದ ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ ಐದುನೂರ ಹತ್ತು ರೂಪಗಳು, ಒತ್ತಕ್ಷರ ಬೇರೆ. ಇಷ್ಟನ್ನು ಒಂದೊಂದಾಗಿ ಕಲಿಸಲಾಗದು. ಕಟ್ಟುವ ಕ್ರಮವನ್ನೇ ಕಲಿಸಬೇಕು. ಆದ್ದರಿಂದ ಒಂದೊಂದು ಗುರುತಿಗೂ ಒಂದೊಂದು ಹೆಸರು. ಇಲ್ಲಿ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಮ್ಮದು ತಲೆಕಟ್ಟು, ತೆಲುಗು ತಲಕಟ್ಟು. ನಮ್ಮದು ಗುಡಿಸು, ಅವರದು ಗುಡಿ. ನಮ್ಮದು ಕೊಂಬು, ಅವರದು ಕೊಮ್ಮು. ನಮ್ಮದು ಸೊನ್ನೆ, ಅವರದು ಸುನ್ನ. ಒತ್ತು ಇದ್ದಲ್ಲಿ ವತ್ತು. ಏತ್ವ, ಓತ್ವ, ಔತ್ವಗಳು ಇಬ್ಬರಿಗೂ ಸೇರಿದ್ದು. ‘ಕ’ಕ್ಕೆ ಕೊಂಬು ಕೊಟ್ಟರೆ ‘ಕು’ ಎಂದು ಕನ್ನಡದ ಹುಡುಗ ಹೇಳುವಾಗ ಪಕ್ಕದ ಬೀದಿಯ ತೆಲುಗು ಹುಡುಗ ಕೊಮ್ಮಿಸ್ತೇ ‘ಕು’ ಅನ್ನುತ್ತಾನೆ. ಲಿಪಿಯೂ ಒಂದೇ ಬುಡದಿಂದ ಕವಲೊಡೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬೇರೆಬೇರೆಯಾಗಿ ನಿಂತ ಮೇಲೆ ನಮಗೆ ಎರಡರ ನಡುವೆ ದೂರ ಹೆಚ್ಚಾಗಿ ಕಾಣುತ್ತದೆ. ಮರಳಿನ ಮೇಲೆ ಕೈಯಲ್ಲಿ ಬರೆಯುವವನಿಗೆ ಅಷ್ಟು ದೂರ ಇರಲಿಲ್ಲ. ಒಂದನ್ನು ಕಲಿತವನು ಇನ್ನೊಂದನ್ನು ಓದುವುದು ಕೆಲವೇ ದಿನದ ಮಾತಾಗಿತ್ತು.

ಕಾಗುಣಿತ ಮುಗಿದ ಮೇಲೆ ಓದಿಸುತ್ತಿದ್ದದ್ದು ಏನು? ಕಥೆಯಲ್ಲ, ಪದ್ಯವಲ್ಲ. ಮನುಷ್ಯರ ಹೆಸರು, ಊರಿನ ಹೆಸರು, ಪ್ರಾಣಿಗಳ ಹೆಸರು. ಹುಡುಗ ಮೊದಲು ಓದಿದ್ದು ತನ್ನ ಹೆಸರನ್ನು, ಪಕ್ಕದಲ್ಲಿ ಕೂತವನ ಹೆಸರನ್ನು, ತನ್ನ ಊರು ನೆಂಟರೂರುಗಳನ್ನು, ಹಟ್ಟಿಯಲ್ಲಿ ಕಟ್ಟಿದ ಎಮ್ಮೆಯನ್ನು. ಗೊತ್ತಿದ್ದ ಮಾತಿಗೇ ಅಕ್ಷರ ಹಾಕಿ ಓದಿಸುವುದು. ಇಂದಿನ ಶಿಕ್ಷಣತಜ್ಞರು ಬಹಳ ಯೋಚಿಸಿ ಹೇಳುವ ಮಾತನ್ನು ಈ ಐಗಳು ಯಾವ ಗ್ರಂಥವನ್ನೂ ನೋಡದೆ ಮಾಡಿಕೊಂಡು ಬಂದಿದ್ದರು.

೫. ಅರ್ಥವಿಲ್ಲದ ಓದು

ಇಷ್ಟು ಹೊಗಳಿದ ಕ್ಯಾಂಬೆಲ್ಲನೇ ಮುಂದೆ ಒಂದು ಕಠಿಣವಾದ ಆಕ್ಷೇಪಣೆ ಎತ್ತುತ್ತಾನೆ. ಅದು ನಮ್ಮ ಗೋಷ್ಠಿಯ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹೆಸರುಗಳ ಓದು ಮುಗಿದು ಪುಸ್ತಕ ಬಂದಾಗ, ಆ ಪುಸ್ತಕಗಳೆಲ್ಲ ಪದ್ಯ. ಅದರ ಭಾಷೆ ಆಡುಮಾತಿಗಿಂತ ತೀರ ಬೇರೆ. ಅಕ್ಷರ ಒಂದೇ ಆದ್ದರಿಂದ ಹುಡುಗ ಓದಬಲ್ಲ, ಆದರೆ ತಿಳಿಯಲಾರ. ಗಿಳಿಯ ಹಾಗೆ ಒಪ್ಪಿಸುತ್ತಾನೆ. ಕಲಿಸುವವನಿಗೂ ಅನೇಕ ವೇಳೆ ಅರ್ಥ ಗೊತ್ತಿಲ್ಲ. ಅಮರ, ಶಬ್ದಮಣಿದರ್ಪಣ, ಆಂಧ್ರನಾಮಸಂಗ್ರಹ ಮುಂತಾದವು ಓದಿನಲ್ಲಿದ್ದರೂ ಪ್ರತಿಗಳು ವಿರಳ, ಇದ್ದವೂ ತಪ್ಪುಗಳಿಂದ ತುಂಬಿವೆ. ಇದು ಅವನ ದೂರು.

ಇದನ್ನು ಪರದೇಶದವನ ನಿಂದೆಯೆಂದು ತಳ್ಳಿಹಾಕಲು ಬರುವುದಿಲ್ಲ. ಅರ್ಥ ತಿಳಿಯದೆ ವೇದ ಓದಿದವನು ಹೊರೆ ಹೊತ್ತ ಕಂಬ ಎಂದು ಯಾಸ್ಕರು ನಿರುಕ್ತದಲ್ಲಿ ಹೇಳಲಿಲ್ಲವೆ? ಪಾಣಿನೀಯ ಶಿಕ್ಷೆಯಲ್ಲಿ ಎಣಿಸಿದ ಆರು ಮಂದಿ ಕೀಳು ಪಾಠಕರಲ್ಲಿ ಅರ್ಥವರಿಯದವನೂ ಒಬ್ಬ. ಆದಕಾರಣ ಕ್ಯಾಂಬೆಲ್ಲನ ಮಾತು ನಮ್ಮವರದೇ ಹಳೆಯ ಮಾತು.

ಆದರೂ ಒಂದು ವಿಷಯ ಅವನ ಕಣ್ಣಿಗೆ ಬೀಳಲಿಲ್ಲವೆಂದು ನನಗೆ ತೋರುತ್ತದೆ. ನಮ್ಮ ಗಡಿಸೀಮೆಯ ಹುಡುಗನಿಗೆ ಕಾವ್ಯದ ಭಾಷೆ ಅಷ್ಟು ಪರಕೀಯವಲ್ಲ. ಉದಾಹರಣೆಗೆ ‘ಹಾಲು’ ತೆಗೆದುಕೊಳ್ಳೋಣ. ಹಳಗನ್ನಡದಲ್ಲಿ ಅದು ‘ಪಾಲ್’. ಹತ್ತನೆಯ ಶತಮಾನದ ಹೊತ್ತಿಗೆ ತಲೆದೋರಿ ಮುಂದೆ ಬಲಿತ ಪಕಾರ–ಹಕಾರದ ಬದಲಾವಣೆಯಿಂದ ‘ಹಾಲು’ ಆಯಿತು. ಈ ಸೀಮೆಯ ಹಳ್ಳಿಮಾತಿನಲ್ಲಿ, ಪಕ್ಕದ ತುಮಕೂರು ಕೋಲಾರಗಳಲ್ಲಿರುವಂತೆಯೇ, ಹಕಾರವೂ ಬಿದ್ದು ‘ಆಲು’ ಆಗಿದೆ. ತೆಲುಗಿನಲ್ಲಿ ಇಂದಿಗೂ ‘ಪಾಲು’. ಹಾಗೆಯೇ ಉಲಿ, ಹುಲಿ, ಪುಲಿ. ಅಂದಿ, ಹಂದಿ, ಪಂದಿ. ಅಲ್ಲು, ಹಲ್ಲು, ಪಲ್ಲು. ರೊಳ್ಳದ ಹುಡುಗನ ಕಿವಿಯಲ್ಲಿ ಮನೆಯ ‘ಆಲು’, ಸಂತೆಯ ‘ಪಾಲು’, ಪುಸ್ತಕದ ‘ಹಾಲು’ ಮೂರೂ ಇವೆ. ಹಳೆಯ ಕಾವ್ಯದ ‘ಪಾಲ್’ ಬಂದಾಗ ಮೈಸೂರಿನ ಹುಡುಗ ತಬ್ಬಿಬ್ಬಾಗುತ್ತಾನೆ. ಈ ಹುಡುಗ ತನ್ನ ತೆಲುಗು ಗೆಳೆಯನ ಮಾತೆಂದು ಗುರುತು ಹಿಡಿಯಬಲ್ಲ. ಹೇಳಿಕೊಡುವವನು ಅದನ್ನು ತೋರಿಸಿಕೊಡಬೇಕು, ಅಷ್ಟೆ. ಸಾವಿರ ವರ್ಷದ ಧ್ವನಿವ್ಯತ್ಯಾಸವೆಲ್ಲ ಒಂದೇ ಜಗಲಿಯ ಮೇಲೆ ಕೂತ ಹನ್ನೆರಡು ಬಾಯಿಗಳಲ್ಲಿ ಇತ್ತು.

೬. ತಪ್ಪು ಯಾರದು

ಇಲ್ಲಿ ನನ್ನ ಸ್ವಂತದ ಒಂದು ಮಾತು ಹೇಳಲೇಬೇಕು. ನಾನು ಬಹಳ ವರ್ಷ ಸಂಸ್ಕೃತ ಪಾಠ ಹೇಳಿದವನು. ಹಳ್ಳಿಯಿಂದ ಬಂದ ಹುಡುಗರು ‘ಹಸ್ತಃ’ ಎಂಬುದನ್ನು ‘ಅಸ್ತಃ’ ಎಂದು ಓದುತ್ತಿದ್ದರು. ಗದರಿಸಿದರೆ ಮಾರನೆಯ ದಿನ ‘ಅಶ್ವಃ’ ಎಂಬುದನ್ನೂ ‘ಹಶ್ವಃ’ ಮಾಡಿಕೊಂಡು ಬರುತ್ತಿದ್ದರು. ನಾನು ನಗುತ್ತಿದ್ದೆ, ತರಗತಿಯೂ ನಗುತ್ತಿತ್ತು. ಒಬ್ಬ ಹುಡುಗ ಮಾತ್ರ ಆಮೇಲೆ ಗಟ್ಟಿಯಾಗಿ ಓದುವುದನ್ನೇ ಬಿಟ್ಟುಬಿಟ್ಟ. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅವನಿಗೆ ಹಕಾರ ಬರುತ್ತಿರಲಿಲ್ಲವೆಂದಲ್ಲ, ಎಲ್ಲಿ ಹಾಕಬೇಕು ಎಲ್ಲಿ ಬಿಡಬೇಕು ಎಂಬುದು ತಿಳಿದಿರಲಿಲ್ಲ. ಅವನ ಮನೆಯ ಮಾತಿನಲ್ಲಿ ಆ ಭೇದವೇ ಇಲ್ಲ. ‘ಹಶ್ವಃ’ ಅಂದದ್ದು ದಡ್ಡತನವಲ್ಲ, ನಿಯಮ ಹುಡುಕುವ ಬುದ್ಧಿ. ಇದು ನನಗೆ ಹೊಳೆಯುವ ಹೊತ್ತಿಗೆ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದ.

ಆಶ್ಚರ್ಯವೆಂದರೆ ಇದಕ್ಕೆ ಬೇಕಾದ ತಿಳಿವಳಿಕೆ ನಾನು ಪಾಠ ಹೇಳುತ್ತಿದ್ದ ಶಾಸ್ತ್ರದಲ್ಲೇ ಇತ್ತು. ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಪತಂಜಲಿಗಳು ಯರ್ವಾಣ ತರ್ವಾಣರೆಂಬ ಋಷಿಗಳ ಪ್ರಸಂಗ ಹೇಳುತ್ತಾರೆ. ‘ಯದ್ವಾ ನಃ, ತದ್ವಾ ನಃ’ ಅನ್ನಬೇಕಾದಲ್ಲಿ ಅವರು ಆಡುವಾಗ ‘ಯರ್ವಾಣಃ, ತರ್ವಾಣಃ’ ಅನ್ನುತ್ತಿದ್ದರಂತೆ. ಅದರಿಂದಲೇ ಅವರಿಗೆ ಆ ಹೆಸರು. ಆದರೆ ಯಜ್ಞಕರ್ಮದಲ್ಲಿ ಮಾತ್ರ ಶುದ್ಧವಾಗಿ ನುಡಿಯುತ್ತಿದ್ದರು. ಅವರನ್ನು ಪತಂಜಲಿ ಹಳಿಯಲಿಲ್ಲ. ಪರಾಪರವನ್ನು ಬಲ್ಲವರೆಂದು ಗೌರವಿಸಿದರು. ಅಂದರೆ ಮನೆಯಲ್ಲಿ ಒಂದು ಮಾತು, ಯಜ್ಞದಲ್ಲಿ ಒಂದು ಮಾತು. ಎರಡೂ ಬಲ್ಲವನೇ ಜ್ಞಾನಿ. ಮಗುವಿಗೆ ನಾವು ಹೇಳಬೇಕಾದದ್ದೂ ಇಷ್ಟೇ: ನಿನ್ನ ‘ಆಲು’ ನಿನಗಿರಲಿ, ಪುಸ್ತಕದಲ್ಲಿ ಇದಕ್ಕೆ ಹೀಗೆ ಬರೀತಾರೆ. ‘ತಪ್ಪು’ ಎನ್ನುವುದಕ್ಕೂ ‘ಇಲ್ಲಿ ಹೀಗೆ’ ಎನ್ನುವುದಕ್ಕೂ ಇರುವ ಅಂತರದಲ್ಲಿ ಒಂದು ಮಗುವಿನ ಓದು ಉಳಿಯುತ್ತದೆ, ಇಲ್ಲವೆ ಹೋಗುತ್ತದೆ.

ನಲವತ್ತು ಐವತ್ತು ಮಂದಿಯ ತರಗತಿಯಲ್ಲಿ ಈ ಮಾತು ಹೇಳಲು ಬಿಡುವೇ ಇರುವುದಿಲ್ಲ. ನಾಲ್ಕು ಮಂದಿಯ ಗುಂಪಿನಲ್ಲಿ ಅದನ್ನು ಹೇಳಬಹುದು. ಅದಕ್ಕಿಂತ ಹೆಚ್ಚಾಗಿ, ಹೇಳಿಕೊಡುವ ಹುಡುಗ ತಾನೂ ಮನೆಯಲ್ಲಿ ‘ಆಲು’ ಅನ್ನುವವನೇ. ಅವನು ದಾಟಿದ ಹೊಳೆಯನ್ನೇ ಇವನೂ ದಾಟಬೇಕು. ಸಣ್ಣ ಗುಂಪಿನ ನಿಜವಾದ ಬಲ ಇದು.

೭. ಜಗಲಿಯ ಹೊರಗೆ ಉಳಿದವರು

ಕೂಲಿಮಠವನ್ನು ಹೊಗಳುತ್ತಾ ಅದರ ಕೊರತೆಗಳನ್ನು ಮುಚ್ಚಿಡುವುದು ಚರಿತ್ರೆಯಲ್ಲ. ೬,೬೪೧ರಲ್ಲಿ ಹೆಣ್ಣುಮಕ್ಕಳು ಅರವತ್ತೇ. ಮುಸಲ್ಮಾನ ಮಕ್ಕಳು ೨೪೩. ಹಿಂದೂ ಗಂಡುಮಕ್ಕಳಲ್ಲಿ ಬ್ರಾಹ್ಮಣರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಗಳವರು ೧,೧೭೪. ಓದು ಬ್ರಾಹ್ಮಣರಿಗೆ ಮಾತ್ರ ಇತ್ತೆಂಬ ಮಾತು ಇದರಿಂದ ನಿಲ್ಲುವುದಿಲ್ಲ, ನಿಜ. ಆದರೆ ಇಡೀ ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳರಷ್ಟು ಮಾತ್ರ ಜಗಲಿ ಹತ್ತಿದ್ದರು ಎಂಬುದೂ ಅಷ್ಟೇ ನಿಜ. ಅಸ್ಪೃಶ್ಯರೆಂದು ದೂರ ಇಟ್ಟ ಕೇರಿಗಳ ಮಕ್ಕಳಿಗೆ ಆ ಜಗಲಿ ದೂರವೇ ಆಗಿತ್ತು. ಶಿಕ್ಷೆಯೂ ಕ್ರೂರ. ಎರಡು ಕೈ ಕಟ್ಟಿ ಸೂರಿಗೆ ನೇತುಹಾಕುವ ಕೋದಂಡ, ಬಿಡದೆ ಕೂತು ಏಳಿಸುವುದು, ಬೆತ್ತ ಎಲ್ಲವೂ ಇದ್ದವು. ಇವನ್ನು ಮರಳಿ ತರಬೇಕೆಂದು ಯ���ರೂ ಹೇಳಲಾರರು.

ಮಠಗಳು ಕ್ಷೀಣಿಸುತ್ತಿರುವುದಕ್ಕೆ ಕ್ಯಾಂಬೆಲ್ ಕೊಟ್ಟ ಕಾರಣ ದಾರಿದ್ರ್ಯ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ಕೆಲಸ ಕಳೆದುಕೊಂಡರು. ಐಗಳಿಗೆ ಕೂಲಿ ಕೊಡುವ ಶಕ್ತಿ ತಂದೆತಾಯಿಗಳಿಗೆ ಇಲ್ಲದಾಯಿತು. ಹಿಂದೆ ಮಠವಿದ್ದ ಅನೇಕ ಹಳ್ಳಿಗಳಲ್ಲಿ ಈಗ ಇಲ್ಲ ಎಂದು ಬರೆದಿದ್ದಾನೆ. ಆಮೇಲೆ ಅಚ್ಚಿನ ಪುಸ್ತಕ ಬಂತು. ತೆಲುಗಿನ ಬಾಲಶಿಕ್ಷೆ ೧೮೩೨ರಲ್ಲೇ ಬಂದಿತ್ತು. ಸರ್ಕಾರದ ಶಾಲೆ, ಇನ್‌ಸ್ಪೆಕ್ಟರು, ಸ್ಲೇಟು ಬಂದವು. ಬಾಗಿಲು ಎಲ್ಲರಿಗೂ ಮೆಲ್ಲಮೆಲ್ಲನೆ ತೆರೆಯಿತು. ಇದು ದೊಡ್ಡ ಲಾಭ. ಜೊತೆಗೆ ಗುಂಪು ದೊಡ್ಡದಾಯಿತು, ಇದು ನಷ್ಟ. ನಮ್ಮ ತಂದೆಯವರ ತಲೆಮಾರು ಮರಳಿನಲ್ಲಿ ಬರೆದದ್ದು, ನಮ್ಮದು ಸ್ಲೇಟಿನಲ್ಲಿ.

೮. ಹನ್ನೆರಡರಿಂದ ಹತ್ತಕ್ಕೆ

ಎರಡು ಭಾಷೆಯ ಈ ನೆಲ ಎಂಥವರನ್ನು ಬೆಳೆಸಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ೧೮೯೩ರಲ್ಲಿ ಹುಟ್ಟಿದ್ದು ಕಲ್ಯಾಣದುರ್ಗ ತಾಲ್ಲೂಕಿನ ರಾಳ್ಲಪಲ್ಲಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ತೆಲುಗು ಅಧ್ಯಾಪಕರಾಗಿದ್ದರು. ತೆಲುಗಿನಲ್ಲಿ ಗಾಥಾಸಪ್ತಶತಿಯನ್ನು ಅನುವಾದಿಸಿದ ಅವರೇ ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನ ಕಲೆ’ ಬರೆದರು. ಯಾವ ಭಾಷೆಯವರು ಎಂದು ಕೇಳಿದರೆ ಎರಡೂ ಕಡೆಯವರು ನಮ್ಮವರು ಅನ್ನುತ್ತಾರೆ.

ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ಗಡಿಯ ಮಕ್ಕಳ ಮೊದಲ ಓದಿಗೆ ಒಂದು ರಕ್ಷಣೆ ಮಾಡಿದರು. ೧೯೪೯ರಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನವು, ಶಾಲೆಯಲ್ಲಿ ನಲವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರಿಗೆ ಅದೇ ಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಕೊಡಬೇಕೆಂದು ಗೊತ್ತುಮಾಡಿತು. ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ಎ ವಿಧಿ ಸೇರಿತು. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ನಿಂತದ್ದು ಈ ಆಧಾರದ ಮೇಲೆ.

ಈ ‘ಹತ್ತು’ ಎಂಬ ಸಂಖ್ಯೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ೧೮೨೩ರಲ್ಲಿ ಹನ್ನೆರಡು ಮಕ್ಕಳು ಅಂದರೆ ಒಂದು ಪೂರ್ತಿ ಶಾಲೆ. ಅದಕ್ಕೆ ಯಾರೂ ಮಕ್ಕಳು ಸಾಲದೆಂದು ಬೀಗ ಹಾಕಲಿಲ್ಲ. ನಮ್ಮ ಕಾಲದಲ್ಲಿ ಹತ್ತು ಎಂಬುದು ಕೆಳಗಿನ ಗೆರೆ. ಒಂಬತ್ತಾದರೆ ಮಗುವಿನ ಮನೆಮಾತು ಲೆಕ್ಕಕ್ಕಿಲ್ಲ. ಅಂದಿನವರಿಗೆ ಕಲಿಸುವ ಅಳತೆಯಾಗಿದ್ದದ್ದು ನಮಗೆ ಮುಚ್ಚುವ ಅಳತೆಯಾಗಿದೆ. ಅಲ್ಲದೆ, ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಲು ಹಾತೊರೆಯುತ್ತಾರೆ. ಅವರನ್ನು ದೂಷಿಸಲಾರೆವು, ಹೊಟ್ಟೆಪಾಡಿನ ಪ್ರಶ್ನೆ. ಆದರೆ ಮನೆಯ ‘ಆಲು’ ಬಲ್ಲ ಮಗುವಿಗೆ ಮೊದಲ ಅಕ್ಷರವೇ ಮೂರನೆಯ ಭಾಷೆಯಲ್ಲಿ ಬಂದಾಗ ಕ್ಯಾಂಬೆಲ್ ಹೇಳಿದ ಗಿಳಿ ಮತ್ತೆ ಹುಟ್ಟುತ್ತದೆ. ಈ ಸಲ ಪದ್ಯದ ಬದಲು ರೈಮ್ಸ್ ಒಪ್ಪಿಸುತ್ತದೆ.

ಸಣ್ಣ ಗುಂಪಿನ ಕ್ರಮ ಸತ್ತುಹೋಗಿಲ್ಲ ಎಂಬುದೂ ಹೇಳಬೇಕಾದ ಮಾತು. ನಮ್ಮದೇ ರಾಯಲಸೀಮೆಯ ಮದನಪಲ್ಲೆಯ ಬಳಿ ಋಷಿವ್ಯಾಲಿಯವರು ಸುತ್ತಲಿನ ಹಳ್ಳಿಶಾಲೆಗಳಿಗಾಗಿ ಕಾರ್ಡುಗಳ ಏಣಿಯೊಂದನ್ನು ಕಟ್ಟಿದರು. ಒಂದೇ ಕೋಣೆಯಲ್ಲಿ ಹಲವು ಗುಂಪು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು, ಬಲ್ಲ ಮಗು ಬಾರದ ಮಗುವಿಗೆ ಹೇಳಿಕೊಡುವುದು. ಹೆಗ್ಗಡದೇವನಕೋಟೆಯ ಮೇಷ್ಟರುಗಳು ಅಲ್ಲಿಗೆ ಹೋಗಿ ನೋಡಿಬಂದು ೧೯೯೫ರಲ್ಲಿ ‘ನಲಿ ಕಲಿ’ ಆರಂಭಿಸಿದರು. ೨೦೦೯ರಲ್ಲಿ ಅದು ಕರ್ನಾಟಕದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಹೊಸದೆಂದು ನಾವು ಕೊಂಡಾಡಿದ ಈ ಏಣಿಯಲ್ಲಿ ಕೂಲಿಮಠದ ನಾಲ್ಕು ಗುಂಪು ಕಾಣುವುದಿಲ್ಲವೆ? ಒಂದು ವ್ಯತ್ಯಾಸ: ಇಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಕೋದಂಡ ಇಲ್ಲ.

೯. ಕೊನೆಯ ಮಾತು

ಈ ವಿವೇಚನೆಯಿಂದ ಎರಡು ಕೆಲಸಗಳು ನಮ್ಮ ಮುಂದೆ ನಿಲ್ಲುತ್ತವೆ. ಮೊದಲನೆಯದು ಸಂಗ್ರಹದ್ದು. ಗಡಿಯ ಹಳ್ಳಿಗಳಲ್ಲಿ ಕಾಗುಣಿತ ಹೇಳುವ ಧಾಟಿ, ಗುರುತುಗಳ ಹೆಸರು, ಮಗ್ಗಿಯ ರಾಗ, ಮಠದ ಮಾತುಗಳು ಇವನ್ನು ಎಂಬತ್ತು ದಾಟಿದವರಿಂದ ಈಗಲೇ ಬರೆದುಕೊಳ್ಳಬೇಕು. ತೆಲುಗು, ಕನ್ನಡ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದುಕೊಳ್ಳಬೇಕು. ನಿಘಂಟುಗಳಲ್ಲಿ ಇವಕ್ಕೆ ಜಾಗ ಕಡಿಮೆ.

ಎರಡನೆಯದು ಯಾರ ಅಪ್ಪಣೆಗೂ ಕಾಯಬೇಕಿಲ್ಲದ ಕೆಲಸ. ನಮ್ಮಂಥ ನಿವೃತ್ತರು ಪ್ರತಿ ಊರಿನಲ್ಲೂ ಇದ್ದೇವೆ. ಜಗಲಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸಂಜೆ ಒಂದು ಗಂಟೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡರೆ ಸಾಕು. ಅವರ ಹೆಸರಿನಿಂದ, ಅವರ ಊರಿನಿಂದ, ಅವರ ಮನೆಯ ‘ಆಲಿ’ನಿಂದ ತೊಡಗೋಣ. ಪುಸ್ತಕದ ಹಕಾರ ತಾನಾಗಿ ಬರುತ್ತದೆ. ತಡವಾದರೆ ಆಗಲಿ, ನಗಬಾರದು. ಮರಳಿನ ಮೇಲೆ ಬರೆದ ಅಕ್ಷರಕ್ಕೆ ಒಂದು ದೊಡ್ಡ ಗುಣವಿತ್ತು: ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯಬಹುದಾಗಿತ್ತು, ತಪ್ಪಿದ ಗುರುತೂ ಉಳಿಯುತ್ತಿರಲಿಲ್ಲ. ನಾನು ನಕ್ಕ ನಗೆಯನ್ನು ಹಾಗೆ ಸವರಲು ನನಗೆ ಆಗಲಿಲ್ಲ. ಮುಂದೆ ಕಲಿಸುವವರಿಗೆ ಆ ಗತಿ ಬಾರದಿರಲಿ ಎಂದು ಹೇಳಿ ಈ ಪ್ರಬಂಧವನ್ನು ಮುಗಿಸುತ್ತೇನೆ.